ದೇವದೂತನ ಬೆನ್ನಿಗೆ ನೀಲಿ

“ನೀಲಿ ಕಂಡ್ರೆ ಏನೀಗ ಆಂಟಿ? ರಿಪೋರ್ಟ್‌ನಲ್ಲೇ ಬರೆದಿದ್ದಾರಲ್ಲ, ಅಲ್ಟ್ರಾಮರೀನ್ ಅಂತ. ಲ್ಯಾಪಿಸ್ ಕಲ್ಲು ಅರೆದು ಮಾಡ್ತಿದ್ದ ಬಣ್ಣ. ಅದು ಯಾರ ಡ್ರಾಯರ್‌ನಲ್ಲಿರತ್ತೆ ಹೇಳಿ? ಶೋಭಾ ಡ್ರಾಯರ್‌ನಲ್ಲಿ.”

ವಿಶ್ವಜಿತ್ ಕೈ ಕಟ್ಟಿ ನಿಂತಿದ್ದ. ಪದ್ಮಜಾ ಭೂತಗನ್ನಡಿಯಿಂದ ತಲೆ ಎತ್ತಲಿಲ್ಲ.

ಸಿಂಗಪುರದ ಬ್ಯೂನಾ ವಿಸ್ಟಾದಲ್ಲಿರುವ ಅವನ ಗ್ಯಾಲರಿಯ ಹಿಂಕೋಣೆ. ಮೇಜಿನ ಮೇಲೆ ದೇವದೂತನ ತಲೆಯ ಚಿತ್ರ ಬೋರಲು ಮಲಗಿತ್ತು. ಐನೂರು ವರ್ಷದ ಹಿಂದಿನ ಇಟಲಿಯ ಚಿತ್ರಕಾರ ರಫೇಲನ ಕಾರ್ಯಶಾಲೆಯದೆಂದು ಜನ ಸಾಲು ನಿಂತು ನೋಡಿದ ಈ ಹಾಳೆ ನಕಲಿ ಎಂದು ಸೋಮವಾರ ವಿಮಾ ಕಂಪನಿಯ ತಜ್ಞೆ ಪತ್ತೆ ಹಚ್ಚಿದ್ದಳು. ಗೋಡೆಗೆ ಹಾಕುವ ಮುಂಚೆ ಅದನ್ನಿಟ್ಟಿದ್ದ ಕಪಾಟಿನ ಕೀಲಿ ಇದ್ದುದು ಹಳೆಯ ಚಿತ್ರಗಳ ಕಾಗದ ಕೆಡದಂತೆ ಕಾಯುವ ಕೆಲಸಕ್ಕಿದ್ದ ಶೋಭಾಳ ಬಳಿ, ಹಾಗಾಗಿ ಅಸಲಿಯನ್ನು ಕದ್ದವಳೂ ಅವಳೇ ಎಂದು ತೀರ್ಮಾನವಾಗಿತ್ತು.

ಮಾಲೀಕನ ಜೇಬಿನಲ್ಲೂ ಒಂದು ಕೀಲಿ ಇತ್ತು. ಅದರ ಬಗ್ಗೆ ಯಾರೂ ಕೇಳಲಿಲ್ಲ. ಮಾಲೀಕರನ್ನು ಕೇಳುವ ಪದ್ಧತಿ ಯಾವ ಊರಿನಲ್ಲೂ ಇಲ್ಲ.

“ಸಂಜೆವರೆಗೆ ಟೈಮ್ ಕೊಟ್ಟಿದ್ದೀನಿ ಅವಳಿಗೆ,” ಎಂದ ವಿಶ್ವಜಿತ್. “ಅಸಲಿ ವಾಪಸ್ ಬಂದ್ರೆ ಸರಿ. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್. ವರ್ಕ್ ಪಾಸ್ ಕ್ಯಾನ್ಸಲ್, ಸೀದಾ ಊರಿಗೆ. ಆಮೇಲೆ ಯಾವ ಮ್ಯೂಸಿಯಂನವರು ಅವಳನ್ನ ಬಾಗಿಲ ಹತ್ರ ಬಿಟ್ಕೋತಾರೆ ನೋಡೋಣ. ನಿಮ್ಮ ಸ್ಟೂಡೆಂಟ್ ಅಂತ ಇಷ್ಟಾದ್ರೂ ಸುಮ್ಮನಿದ್ದೀನಿ.”

“ದೊಡ್ಡ ಮನಸ್ಸು ನಿಂದು,” ಎಂದಳು ಪದ್ಮಜಾ. “ಆ ದೀಪ ಸ್ವಲ್ಪ ಈಚೆ ತಿರುಗಿಸಪ್ಪ.”

ಅವನು ತಿರುಗಿಸಿದ. ಹಾಳೆಯ ಹಿಂಬದಿಯಲ್ಲಿ ಸಾಲು ಸಾಲು ಸೂಜಿ ತೂತುಗಳು ಎದ್ದು ಕಂಡವು. ಹಣೆಯ ಸುತ್ತ ಒಂದು ಸಾಲು, ಮೂಗಿನಗುಂಟ ಒಂದು ಸಾಲು, ಭುಜದಿಂದ ಮೇಲೇಳುವ ರೆಕ್ಕೆಯ ಗರಿಗರಿಗೂ ಒಂದೊಂದು.

ಇದನ್ನೇ ಅಲ್ಲವೇ ಅವಳು ಮೈಸೂರಿನ ಕಾಲೇಜಿನಲ್ಲಿ ವರ್ಷವರ್ಷವೂ ಪಾಠ ಮಾಡಿದ್ದು! ಗೋಡೆಯ ಮೇಲೆ ಚಿತ್ರ ಬರೆಯುವ ಮುಂಚೆ ಆ ಕಾಲದ ಇಟಲಿಯವರು ಅದೇ ಅಳತೆಯ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಹಾಳೆಯನ್ನು ಗೋಡೆಗೆ ಹಿಡಿದು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿದರೆ ಗೋಡೆಯ ಮೇಲೆ ಚುಕ್ಕಿ ಮೂಡುತ್ತಿತ್ತು. ಚುಕ್ಕಿ ಸೇರಿಸುವುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ವಿಶ್ವಜಿತ್, ಲ್ಯಾಪಿಸ್ ಆ ಕಾಲಕ್ಕೆ ಬಂಗಾರದ ಸಮ ಇತ್ತು ಗೊತ್ತಾ? ಮೇರಿಯಮ್ಮನ ಸೆರಗಿಗೆ ಅಂತ ಎತ್ತಿಡ್ತಿದ್ರು. ಅದನ್ನ ಪುಡಿ ಮಾಡಿ ತೂತಿಗೆ ಒರೆಸೋದು ಅಂದ್ರೆ ಕೇಸರಿ ಹಾಕಿ ಅಂಗಳ ಸಾರಿಸಿದ ಹಾಗೆ. ಶೋಭಾ ಆ ಕೆಲಸ ಮಾಡಲ್ಲ.”

“ಮತ್ತೆ ಲ್ಯಾಬ್‌ನವರು ಸುಳ್ಳು ಹೇಳ್ತಾರಾ?”

“ಇಲ್ಲ, ಅವರು ನಿಜಾನೇ ಹೇಳಿದ್ದಾರೆ. ಈ ಬಣ್ಣ ಕಾರ್ಖಾನೆಯಲ್ಲೂ ಆಗತ್ತೆ. ಅದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ. ಬಿಳಿ ಪಂಚೆಗೆ ಹಾಕೋ ನೀಲಿ ಪುಡಿ.”

ವಿಶ್ವಜಿತ್ ಒಂದು ಕ್ಷಣ ಅವಳನ್ನು ನೋಡಿ, ಜೋರಾಗಿ ನಕ್ಕ.

“ಥ್ಯಾಂಕ್ಸ್ ಆಂಟಿ! ಚೀನಾದವನಲ್ಲ, ಇಟಲಿಯವನಲ್ಲ, ಪಂಚೆಗೆ ನೀಲಿ ಹಾಕೋ ಊರಿನವರೇ ಮಾಡಿದ್ದು ಅಂತಾಯ್ತಲ್ಲ? ನನ್ನ ಸ್ಟಾಫ್‌ನಲ್ಲಿ ಮೈಸೂರಿನವರು ಅಂದ್ರೆ ಅವಳೊಬ್ಬಳೇ. ಅವಳ ಕೊರಳಿಗೆ ನೀವೇ ಇನ್ನೊಂದು ಗಂಟು ಬಿಗಿದ್ರಿ.”

ಪದ್ಮಜಾ ಮತ್ತೆ ಹಾಳೆಯ ಮೇಲೆ ಬಾಗಿದಳು. ಪ್ರತಿ ತೂತಿನ ಸುತ್ತ ಎಣ್ಣೆ ಆರಿದ ಹಾಗೆ ಸಣ್ಣ ಉಂಗುರವಿತ್ತು. ನೀಲಿ ತಟ್ಟಿದ್ದಲ್ಲ, ಒದ್ದೆ ಮಾಡಿ ಒರೆಸಿದ್ದು. ಒಂದೇ ದಿಕ್ಕಿಗೆ, ಎಡದಿಂದ ಬಲಕ್ಕೆ.

ಅವಳ ಮನಸ್ಸು ಹಗುರಾಯಿತು. ಗಂಟು ಬಿದ್ದಿದೆ, ನಿಜ. ಆದರೆ ಯಾರ ಕೊರಳಿಗೆ ಎಂಬುದು ಇವನು ತಿಳಿದಷ್ಟು ಸುಲಭವಲ್ಲ.

*

ಸೆರಂಗೂನ್ ರೋಡಿನ ಹೋಟೆಲಿನಲ್ಲಿ ಗುಂಡಪ್ಪ ಆಗಲೇ ಮೂಲೆಯ ಟೇಬಲ್ ಹಿಡಿದು ಕೂತಿದ್ದ. ಜುರಾಂಗ್ ಕಾರ್ಖಾನೆಯ ಇಂಜಿನಿಯರಿಕೆಯಿಂದ ನಿವೃತ್ತನಾದ ಮೇಲೆ ಹೆಂಡತಿಯ ಪತ್ತೇದಾರಿಕೆಗೆ ಊಟದ ವ್ಯವಸ್ಥೆ ನೋಡಿಕೊಳ್ಳುವುದೇ ಅವನ ಉದ್ಯೋಗ. ಪಕ್ಕದಲ್ಲಿ ತರಕಾರಿ ಚೀಲ: ಹೀರೇಕಾಯಿ, ಸೀಮೆಬದನೆ, ವೀಳ್ಯದೆಲೆ.

ಎದುರಿಗೆ ಶೋಭಾ. ಮಸಾಲೆ ದೋಸೆಯ ಅಂಚನ್ನಷ್ಟೇ ಮುರಿದು ತಿನ್ನುತ್ತಿದ್ದಳು. ಗ್ಯಾಲರಿಯವರು ಕೊಟ್ಟಿದ್ದ ರೂಮನ್ನು ಸೋಮವಾರವೇ ಖಾಲಿ ಮಾಡಿಸಿದ್ದರು. ಅಂದಿನಿಂದ ಬೂನ್ ಲೇಯಲ್ಲಿ ಪದ್ಮಜಾಳ ಮನೆಯಲ್ಲೇ ಇದ್ದಳು.

“ತಿನ್ನಮ್ಮ, ತಿನ್ನು,” ಎಂದ ಗುಂಡಪ್ಪ. “ಜೈಲಲ್ಲಿ ದೋಸೆ ಕೊಡಲ್ಲ.”

“ರೀ!”

“ತಮಾಷೆ ಕಣೆ. ಅವಳು ನಕ್ಕಳಲ್ಲ ನೋಡು.”

ಶೋಭಾ ನಿಜಕ್ಕೂ ನಕ್ಕಿದ್ದಳು. ಬಿಸಿ ಸಾಂಬಾರಿನ ಆವಿ, ಕಾಫಿ ಎತ್ತಿ ಹೊಯ್ಯುವ ಸದ್ದು, ಹೊರಗೆ ಮಲ್ಲಿಗೆ ಮೊಳದ ಕೂಗು. ಸಂಜೆಯೊಳಗೆ ಒಬ್ಬಳ ಬದುಕು ಉಳಿಯಬೇಕೆಂಬುದು ಗೊತ್ತಿದ್ದೂ ಪದ್ಮಜಾಗೆ ಆ ಮಧ್ಯಾಹ್ನ ಹಿತವೆನಿಸಿತು. ಬೆಳಿಗ್ಗೆ ಸಿಕ್ಕ ಸುಳಿವು ಅಂಗೈಯಲ್ಲಿ ಬೆಚ್ಚಗಿತ್ತು.

“ಶೋಭಾ, ಇದನ್ನ ಚುಚ್ಚಿ ನನಗೊಂದು ಹೂವು ಇಳಿಸಿಕೊಡು.”

ಅವಳು ಮುಂದೆ ತಳ್ಳಿದ್ದು ಕಾಗದದ ನ್ಯಾಪ್‌ಕಿನ್ ಮತ್ತು ಹಲ್ಲುಕಡ್ಡಿ. ಶೋಭಾ ಪ್ರಶ್ನೆ ಕೇಳಲಿಲ್ಲ. ಪಟಪಟನೆ ಐದೆಸಳು ಚುಚ್ಚಿ, ಕೆಳಗೆ ಇನ್ನೊಂದು ನ್ಯಾಪ್‌ಕಿನ್ ಹಾಸಿ, ಕಾಳುಮೆಣಸಿನ ಪುಡಿಯ ಸೀಸೆಯನ್ನು ಬೋರಲು ಹಾಕಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಳು. ಮೇಲಿನ ಹಾಳೆ ಎತ್ತಿದರೆ ಕೆಳಗೆ ಕರಿಯ ಚುಕ್ಕಿಗಳ ಹೂವು.

“ಉಪ್ಪಿಟ್ಟಿಗೆ ಹಾಕೋ ಸಾಮಾನು ವ್ಯರ್ಥ,” ಎಂದು ಗುಂಡಪ್ಪ ಸೀನಿದ.

“ತಟ್ಟಿದೆ. ಒರೆಸಲಿಲ್ಲ,” ಎಂದಳು ಪದ್ಮಜಾ.

“ಒರೆಸಿದ್ರೆ ಕಾಗದ ಹರಿಯತ್ತೆ ಮೇಡಂ. ನೀವೇ ಹೇಳಿಕೊಟ್ಟಿದ್ದು.”

“ಹೂಂ. ಆದ್ರೆ ನಮ್ಮ ಊರಲ್ಲಿ ಒರೆಸೋರೂ ಇದ್ದಾರೆ. ರವಿಕೆಗೆ ಕಸೂತಿ ಹಾಕೋ ಮುಂಚೆ ಟ್ರೇಸಿಂಗ್ ಪೇಪರ್ ಚುಚ್ಚಿ, ನೀಲಿಗೆ ಸೀಮೆಎಣ್ಣೆ ಕಲಸಿ, ಬಟ್ಟೆ ಉಂಡೆಯಲ್ಲಿ ಎಳೀತಾರಲ್ಲ? ಆ ನಕಲಿ ಹಾಳೆ ಹಿಂದೆ ಇರೋದು ಅದೇ.”

ಶೋಭಾಳ ಕೈ ತಟ್ಟೆಯ ಮೇಲೆಯೇ ನಿಂತಿತು. “ಅಂದ್ರೆ?”

“ನೀನೇ ಯೋಚನೆ ಮಾಡು. ಅಸಲಿ ಜಾಗದಲ್ಲಿ ಇಡೋಕೆ ಅಂತ ನಕಲಿ ಬರೆದವರು, ಅದನ್ನ ಮತ್ತೆ ನೀಲಿ ಹಾಕಿ ಒರೆಸಿ ಗಲೀಜು ಮಾಡ್ತಾರಾ? ರಫೇಲನ ಕಡೆಯವರೇ ಹಾಗೆ ಮಾಡ್ತಿರಲಿಲ್ಲ. ಒಳ್ಳೆ ನಕ್ಷೆ ಕೆಡಬಾರದು ಅಂತ ಕೆಳಗೆ ಇನ್ನೊಂದು ಹಾಳೆ ಇಟ್ಟು ಜೊತೇಲಿ ಚುಚ್ಚಿ, ಆ ಎರಡನೇದನ್ನ ಗೋಡೆಗೆ ಒಯ್ತಿದ್ರು. ಮಿಲಾನಿನಲ್ಲಿ ರಫೇಲನ ‘ಸ್ಕೂಲ್ ಆಫ್ ಅಥೆನ್ಸ್’ ನಕ್ಷೆ ಇದೆಯಲ್ಲ, ಮೈತುಂಬ ತೂತು, ಆದ್ರೆ ಇದ್ದಿಲ ಪುಡಿ ಬಿದ್ದಿಲ್ಲ.”

“ಗೋಡೆಗೆ ಹೋದ ಹಾಳೆಗಳು ಏನಾದವು?” ಗುಂಡಪ್ಪ ಕೇಳಿದ.

“ಹರಿದು, ಒದ್ದೆಯಾಗಿ, ಕಸಕ್ಕೆ ಹೋದವು. ಆ ಹಾಳೆ ಹಿಡ್ಕೊಂಡು ಏಣಿ ಹತ್ತಿದ ಹುಡುಗರ ಹೆಸರೂ ಅದರ ಜೊತೇಲೇ ಹೋಯ್ತು. ಚಿತ್ರದ ಕೆಳಗೆ ಒಂದೇ ಹೆಸರು.” ಪದ್ಮಜಾಳ ದನಿ ಸ್ವಲ್ಪ ಏರಿತು, ಈ ವಿಷಯಕ್ಕೆ ಬಂದರೆ ಅದು ಏರುತ್ತಿತ್ತು. “ನಾವು ಟಿಕೆಟ್ ತಗೊಂಡು ಹೋಗಿ ಆ ಒಂದು ಹೆಸರಿಗೆ ಕೈ ಮುಗಿದು ಬರ್ತೀವಿ.”

ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಗುಂಡಪ್ಪ ಅವರತ್ತ ಮುಗುಳ್ನಕ್ಕು ಕೈ ಎತ್ತಿದ.

“ಅಂದ್ರೆ,” ಎಂದು ಅವಳು ದನಿ ತಗ್ಗಿಸಿದಳು, “ಆ ನಕಲಿ ಹಾಳೆಯಿಂದ ದೇವದೂತ ಇನ್ನೆಲ್ಲೋ ಇಳಿದಿದ್ದಾನೆ. ಯಾವುದೋ ಬಟ್ಟೆ ಮೇಲೆ. ಆ ಬಟ್ಟೆ ಸಿಕ್ಕರೆ ನೀನು ಬಿಡುಗಡೆ. ನಿನಗೆ ಕಸೂತಿ ಬರತ್ತಾ?”

“ನಾನಾ? ಅಯ್ಯೋ ಮೇಡಂ. ಸೂಜಿ ಹಿಡಿದ್ರೆ ನನ್ನ ಬೆರಳನ್ನೇ ಹೊಲಿದುಕೊಳ್ತೀನಿ.” ಅವಳು ಎದ್ದಳು. “ಕೈ ತೊಳ್ಕೊಂಡು ಬರ್ತೀನಿ.”

ಅವಳು ಅತ್ತ ಹೋದದ್ದೇ ಗುಂಡಪ್ಪ ಫೋನ್ ತೆಗೆದ. ದಿನಕ್ಕೆ ನೂರು ಗುಡ್ ಮಾರ್ನಿಂಗ್ ಬೀಳುವ ಕನ್ನಡದವರ ಗ್ರೂಪು; ಅದರಲ್ಲಿ ಒಂದನ್ನೂ ಬಿಡದೆ ಓದುವವನು ಸಿಂಗಪುರದಲ್ಲಿ ಅವನೊಬ್ಬನೇ.

“ಬಟ್ಟೆ ಅಂದ್ಯಲ್ಲ, ನೆನಪಾಯ್ತು. ಬೆಳಿಗ್ಗೆ ಜ್ಯೋತ್ಸ್ನಾ ಹಾಕಿದ್ದಾಳೆ ನೋಡು, ರಾಜ್ಯೋತ್ಸವದ ಸ್ಟೇಜಿಗೆ ಪರದೆಯಂತೆ. ಭುವನೇಶ್ವರಿ ಅಂತ ಕೆಳಗೆ ಬರೆದಿದ್ದಾಳೆ. ನನಗೇನೋ ನಿಮ್ಮ ಚಿಕ್ಕಪ್ಪನ ಮಗಳ ಥರ ಕಾಣತ್ತಪ್ಪ, ಮೂಗು ನೋಡು.”

ಪದ್ಮಜಾ ಫೋನನ್ನು ಕಿತ್ತುಕೊಂಡಳು.

ಕೆಂಪು ರೇಷ್ಮೆಯ ಮೇಲೆ ಓರೆಯಾಗಿ ಬಾಗಿದ ಮುಖ. ಅರೆ ಮುಚ್ಚಿದ ರೆಪ್ಪೆ. ಹಣೆಗೆ ಕುಂಕುಮ ಇಟ್ಟಿದ್ದರು, ತಲೆಗೆ ಕಿರೀಟ ತೊಡಿಸಿದ್ದರು. ಆದರೆ ಆ ಗಲ್ಲ, ಆ ತುಟಿಯ ಮೂಲೆ, ಭುಜದ ಹಿಂದೆ ಏಳುವ ಗರಿಗಳು! ಗ್ಯಾಲರಿಯ ದೇವದೂತ ಬಲಕ್ಕೆ ನೋಡುತ್ತಿದ್ದ. ಇವನು ನೋಡುತ್ತಿದ್ದುದು ಎಡಕ್ಕೆ.

ಹಾಳೆಯನ್ನು ತಿರುಗಿಸಿ ಬೆನ್ನ ಕಡೆಯಿಂದ ಒರೆಸಿದರೆ ಹಾಗೆಯೇ ಬರುತ್ತದೆ.

ಜ್ಯೋತ್ಸ್ನಾ ಅಂದರೆ ವಿಶ್ವಜಿತ್‌ನ ಹೆಂಡತಿ.

“ರೀ, ಶೋಭಾನ ಮನೆಗೆ ಕರ್ಕೊಂಡು ಹೋಗಿ. ಈ ಫೋಟೊ ವಿಷಯ ಈಗಲೇ ಹೇಳ್ಬೇಡಿ, ಸುಮ್ಮನೆ ಆಸೆ ಹುಟ್ಟಿಸಿದ ಹಾಗಾಗತ್ತೆ. ಗೆದ್ದ ಮೇಲೆ ಹೇಳೋಣ.”

“ನಿನ್ನ ಕಾಫಿ?”

ಅವಳು ನಿಂತೇ ಕುಡಿದು ಎಂಆರ್‌ಟಿ ರೈಲಿನತ್ತ ನಡೆದಳು. ಒಳ್ಳೆಯ ಕಾಫಿ ಅದು. ಅರ್ಧಕ್ಕೆ ಬಿಡುವಷ್ಟು ದೊಡ್ಡ ಅಪರಾಧ ಇನ್ನೂ ಯಾವುದೂ ನಡೆದಿರಲಿಲ್ಲ.

*

“ಆಂಟಿ! ಒಂದು ಫೋನ್ ಮಾಡಬಾರದಿತ್ತಾ? ಶನಿವಾರದ ಕಸೂತಿ ಕ್ಲಾಸ್ ಈಗಷ್ಟೇ ಮುಗೀತು, ಮನೆಯೆಲ್ಲ ದಾರ!”

ಜ್ಯೋತ್ಸ್ನಾ ಬಾಗಿಲಲ್ಲೇ ಅಪ್ಪಿಕೊಂಡಳು. ಗ್ಯಾಲರಿಗೆ ಹತ್ತು ಹೆಜ್ಜೆ ಎನ್ನುವಷ್ಟು ಹತ್ತಿರದ ಕಾಂಡೊ ಅಪಾರ್ಟ್‌ಮೆಂಟು. ಕಿಟಕಿ ತುಂಬ ಮರದ ತಲೆಗಳು. ಊಟದ ಮೇಜಿನ ಮೇಲೆ ಕೆಂಪು ಪರದೆ ಹರಡಿತ್ತು.

“ಎಷ್ಟು ಚೆನ್ನಾಗಿ ಬಂದಿದೆ,” ಎಂದಳು ಪದ್ಮಜಾ. ಅದು ಸುಳ್ಳಾಗಿರಲಿಲ್ಲ. “ಬಟ್ಟೆಗೆ ಹೇಗೆ ಇಳಿಸಿದೆ?”

“ನಮ್ಮಮ್ಮ ಮಾಡ್ತಿದ್ದ ಹಾಗೇನೇ. ನೀಲಿ, ಸೀಮೆಎಣ್ಣೆ. ಆ ಸೀಮೆಎಣ್ಣೆ ಹುಡುಕೋಕೆ ಊರೆಲ್ಲ ಸುತ್ತಿದೆ ಆಂಟಿ, ಕೊನೆಗೆ ಕ್ಯಾಂಪಿಂಗ್ ಸಾಮಾನಿನ ಅಂಗಡೀಲಿ ಸಿಕ್ತು. ಅಂಗಡಿಯವನು ಎಲ್ಲಿಗೆ ಟ್ರೆಕ್ಕಿಂಗ್ ಅಂತ ಕೇಳಿದ!”

“ನಕ್ಷೆ ಯಾವುದು?”

“ನಾನೇ ಬರೆದಿದ್ದು.” ಜ್ಯೋತ್ಸ್ನಾಳ ಮುಖ ಬೆಳಗಿತು, ಅದನ್ನು ಯಾರಾದರೂ ಕೇಳಲಿ ಎಂದೇ ಬಹಳ ದಿನದಿಂದ ಕಾದಿದ್ದ ಹಾಗಿತ್ತು. “ಎಕ್ಸಿಬಿಷನ್ ಶುರುವಾಗೋ ಮುಂಚೆ ಇವರು ಆ ರಫೇಲ್ ಹಾಳೆ ಮನೆಗೆ ತಂದಿದ್ರು. ಯಾವುದೋ ಹಳೇ ಕಾಗದ ಕೊಟ್ಟು, ಹಾಗೇ ಬರೆದುಕೊಡು, ದೊಡ್ಡ ಕ್ಲೈಂಟ್ ಒಬ್ಬರಿಗೆ ಗಿಫ್ಟು ಅಂದ್ರು. ಮದುವೆಗೆ ಮುಂಚೆ ಮೈಸೂರು ಶೈಲಿ ಚಿತ್ರ ಕಲ್ತಿದ್ದೆ ನೋಡಿ. ಕೂತು ಬರೆದೆ, ತೂತು ಕೂಡ ಹಾಕ್ದೆ. ಎಷ್ಟು ದಿನ ಆಗಿತ್ತೋ ಆಂಟಿ, ಕೈ ಹಾಗೇ ಓಡ್ತು.”

“ಆಮೇಲೆ?”

“ಇಷ್ಟು ಕಷ್ಟಪಟ್ಟು ಚುಚ್ಚಿದೀನಿ, ಬಿಡೋಕೆ ಮನಸ್ಸಾಗ್ಲಿಲ್ಲ. ಕೊಡೋ ಮುಂಚೆ ಒಂದ್ಸಲ ಬಟ್ಟೆಗೆ ಒರೆಸ್ಕೊಂಡೆ. ಚಿತ್ರ ಕೆಡಬಾರದು ಅಂತ ತಿರುಗಿಸಿ ಒರೆಸಿದೆ. ಹಿಂದೆ ಸ್ವಲ್ಪ ನೀಲಿ ಹತ್ತಿತು. ಫ್ರೇಮ್ ಹಾಕಿದ್ಮೇಲೆ ಹಿಂದಿನಿಂದ ಯಾರು ನೋಡ್ತಾರೆ? ಇವರಿಗೆ ಹೇಳಿಲ್ಲ, ನೀವೂ ಹೇಳ್ಬೇಡಿ.”

ಬಾಗಿಲು ತೆರೆದ ಸದ್ದಾಯಿತು. ಒಳಗೆ ಬಂದು ಬೂಟು ಬಿಚ್ಚುತ್ತಿದ್ದ ವಿಶ್ವಜಿತ್ ಪದ್ಮಜಾಳನ್ನು ಕಂಡು ಒಂದೇ ಕಾಲಿನ ಮೇಲೆ ನಿಂತ.

“ಆಂಟಿ, ನೀವಿಲ್ಲಿ?”

“ಕಸೂತಿ ನೋಡೋಕೆ ಬಂದೆ. ಒಂದು ಮಾತು ಕೇಳ್ಲಾ? ನಿನ್ನ ರಫೇಲ್ ಹಾಳೆ ಈ ಮನೆಗೆ ಯಾವತ್ತಾದ್ರೂ ಬಂದಿತ್ತಾ?”

“ಮನೆಗಾ? ಛೆ. ವಿಮೆಯವರು ಬಿಡಲ್ಲ. ಏರ್‌ಪೋರ್ಟ್‌ನಿಂದ ಸೀದಾ ಗ್ಯಾಲರಿ. ಸ್ಟೇಟ್‌ಮೆಂಟ್ ಕೊಟ್ಟಿದ್ದೀನಲ್ಲ.”

ಜ್ಯೋತ್ಸ್ನಾ ಗಂಡನನ್ನು ನೋಡಿದಳು.

“ಏನ್ರೀ ಹೀಗಂತೀರಾ? ಈ ಟೇಬಲ್ ಮೇಲೇ ಇಟ್ಟಿರಲಿಲ್ವಾ?”

“ಜೋ, ಒಳಗೆ ಹೋಗು.”

“ಯಾಕೆ ಹೋಗ್ಲಿ?”

ಪದ್ಮಜಾ ಪರದೆಯ ಅಂಚನ್ನು ಎತ್ತಿ ದೇವದೂತನ ಮುಖವನ್ನು ಅವನತ್ತ ತಿರುಗಿಸಿದಳು.

“ನೋಡು, ನಿನ್ನ ನಕಲಿ ಬೆನ್ನಿಗೆ ಹತ್ತಿರೋ ನೀಲಿ ಈ ಬಟ್ಟೆಯದು. ತೂತಿಗೆ ತೂತು ಇಟ್ಟು ನೋಡಿದ್ರೆ ಹೊಂದತ್ತೆ. ಹೆಂಡತಿ ಕೈಲಿ ನಕಲಿ ಬರೆಸಿದೆ. ಅದನ್ನ ಗ್ಯಾಲರಿ ಗೋಡೆಗೆ ಹಾಕಿದೆ, ಅಸಲಿ ನೀನು ಇಟ್ಕೊಂಡೆ. ಕಳ್ಳತನ ಆಯ್ತು ಅಂತ ವಿಮೆಯವರಿಗೆ ಹೇಳೋಕೆ ಕಳ್ಳಿಯೊಬ್ಬಳು ಬೇಕಾಗಿತ್ತು. ಶೋಭಾನ ಕೀಲಿ ಕೊಟ್ಟು ಸಾಕ್ತಾ ಇದ್ದಿದ್ದು ಅದಕ್ಕೇನಾ?”

“ಆಂಟಿ, ನಿಧಾನ. ನಿಮಗೆ ಬಿಸಿನೆಸ್ ಅರ್ಥ ಆಗಲ್ಲ.”

“ಆಗತ್ತಪ್ಪ. ಐನೂರು ವರ್ಷದಿಂದ ಇದೇ ಬಿಸಿನೆಸ್ಸು. ಕೈ ಒಬ್ಬರದು, ಹೆಸರು ಒಬ್ಬರದು. ನೀನು ಮಾತ್ರ ಅದಕ್ಕೊಂದು ಹೊಸದು ಸೇರಿಸಿದೆ. ತಪ್ಪು ಹೊರೋಕೆ ಮೂರನೇ ಒಬ್ಬಳು!”

ಜ್ಯೋತ್ಸ್ನಾ ಕುರ್ಚಿಯ ಬೆನ್ನು ಹಿಡಿದಿದ್ದಳು.

“ಒಂದ್ನಿಮಿಷ,” ಎಂದಳು ಅವಳು. “ಗ್ಯಾಲರಿಯಲ್ಲಿ ಇಷ್ಟು ದಿನ ಗೋಡೆ ಮೇಲಿದ್ದಿದ್ದು ನನ್ನದಾ?”

ವಿಶ್ವಜಿತ್ ಬಾಗಿ ಇನ್ನೊಂದು ಬೂಟಿನ ದಾರ ಬಿಚ್ಚತೊಡಗಿದ.

“ಓಪನಿಂಗ್ ದಿನ ಆ ಇಟಾಲಿಯನ್ ಮನುಷ್ಯ ಕನ್ನಡಕ ಒರೆಸ್ಕೊಂಡು ಒರೆಸ್ಕೊಂಡು ನೋಡಿದ್ದು? ಬೆವರು ಬಂತು ಅಂದ್ಕೊಂಡೆ, ಅಳ್ತಿದ್ನಲ್ಲ! ಅದು ನನ್ನ ಚಿತ್ರಕ್ಕಾ?”

“ನಿನ್ನದಕ್ಕೇ,” ಎಂದಳು ಪದ್ಮಜಾ.

ಜ್ಯೋತ್ಸ್ನಾಳ ಮುಖದಲ್ಲಿ ನಗು ಮತ್ತು ಸಿಟ್ಟು ಒಟ್ಟಿಗೇ ಬಂದವು. ಯಾವುದನ್ನು ಮೊದಲು ಒಳಗೆ ಕರೆಯಬೇಕೆಂದು ಗೊತ್ತಾಗದ ಹಾಗೆ ಒಂದಿಷ್ಟು ಹೊತ್ತು ನಿಂತಳು. ಸಿಟ್ಟು ಗೆದ್ದಿತು.

“ಮನೆಗೆ ಬಂದ್ಮೇಲೆ ನೀವು ಏನಂದ್ರಿ? ‘ಕಸೂತಿ ಸಾಕು, ಬಂದೋರಿಗೆ ಜ್ಯೂಸ್ ಕೊಡೋದು ಮರೆತ್ಯಲ್ಲ’ ಅಂದ್ರಿ. ಫೋಟೊ ಬೇಕು ನನಗೆ. ಅವನು ಅಳ್ತಿರೋ ಫೋಟೊ. ಆಮೇಲೆ ಆ ಹುಡುಗಿ ಮೇಲಿನ ಮಾತು ವಾಪಸ್ ತಗೊಳ್ಳಿ. ಈಗಲೇ. ಇಲ್ಲಾಂದ್ರೆ ನಾನೇ ಪೊಲೀಸರ ಹತ್ರ ಹೋಗ್ತೀನಿ, ನೀಲಿ ಡಬ್ಬಾನೂ ತಗೊಂಡು.”

ವಿಶ್ವಜಿತ್ ಸೋಫಾದಲ್ಲಿ ಕುಸಿದ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

“ತಗೊಳ್ತೀನಿ. ಕಂಪ್ಲೇಂಟ್ ಕೊಡಲ್ಲ. ಪಾಸ್ ಮುಟ್ಟಲ್ಲ,” ಎಂದ. ಆಮೇಲೆ ತಲೆ ಎತ್ತಿ, “ಆದ್ರೆ ಆಂಟಿ, ಒಂದು ನಂಬಿ. ಅಸಲಿ ನನ್ನ ಹತ್ರ ಇಲ್ಲ. ಬೀರುವಿನಲ್ಲಿ ಬಟ್ಟೆ ಕೆಳಗಿಟ್ಟಿದ್ದೆ. ಭಾನುವಾರ ನೋಡಿದ್ರೆ ಖಾಲಿ ಫೋಲ್ಡರ್. ಅದಕ್ಕೇ ನಾನು ಇಷ್ಟು ಹಾರಾಡ್ತಿರೋದು. ವಿಮೆ ಬರಲಿ ಬಿಡಲಿ, ಆ ಹಾಳೆ ಹೋಯ್ತಲ್ಲ!”

“ಇನ್ನೊಂದು ಕಥೆ,” ಎಂದಳು ಜ್ಯೋತ್ಸ್ನಾ.

ಪದ್ಮಜಾಗೂ ಹಾಗೇ ಅನಿಸಿತು. “ಅಸಲಿ ಹುಡುಕೋದು ನಿನಗೂ ವಿಮೆಯವರಿಗೂ ಬಿಟ್ಟಿದ್ದು. ಶೋಭಾ ಅದನ್ನ ಮುಟ್ಟಿಲ್ಲ ಅನ್ನೋದಕ್ಕೆ ನಾನು ಹೊಣೆ. ಬೇಕಿದ್ರೆ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಈಗ ವಿಮೆಯವರಿಗೆ ಫೋನ್ ಮಾಡು, ನನ್ನೆದುರಿಗೇ.”

ಅವನು ಬಾಲ್ಕನಿಗೆ ಹೋಗಿ ಬಾಗಿಲ ಬಳಿಯೇ ನಿಂತು ಫೋನ್ ಮಾಡಿದ. ಶೋಭಾಳ ಹೆಸರು, “ಮಿಸ್‌ಅಂಡರ್‌ಸ್ಟ್ಯಾಂಡಿಂಗ್” ಎಂಬ ಮಾತು, ಕೊನೆಗೆ “ಹೌದು, ಅವಳ ತಪ್ಪಿಲ್ಲ” ಎಂಬುದು ಸ್ಪಷ್ಟವಾಗಿ ಕೇಳಿಸಿತು. ಜ್ಯೋತ್ಸ್ನಾ ತಂದ ಕಾಫಿ ಹದವಾಗಿತ್ತು. ಪದ್ಮಜಾ ಕುರ್ಚಿಗೆ ಒರಗಿದಳು. ಮಾಲೀಕನ ಬಾಯಿಂದಲೇ ಕೆಲಸದವಳ ತಪ್ಪಿಲ್ಲ ಎಂದು ಹೇಳಿಸಿದ ಮಧ್ಯಾಹ್ನಗಳು ಒಬ್ಬರ ಆಯಸ್ಸಿನಲ್ಲಿ ಎಷ್ಟು ಬಂದಾವು? ಬಂದದ್ದನ್ನು ಕೂತು ಅನುಭವಿಸಬೇಕು.

ಅನುಭವಿಸುತ್ತಲೇ ಪರದೆಯನ್ನು ಮಡಿಲಿಗೆ ಎಳೆದುಕೊಂಡಳು. ಈಗ ಇದು ಸಾಕ್ಷಿಯಲ್ಲ, ಬರೀ ಒಂದು ಒಳ್ಳೆಯ ಕೆಲಸ.

ಮುಖದ ಹೊಲಿಗೆ ಜ್ಯೋತ್ಸ್ನಾಳಂತೆಯೇ ಇತ್ತು: ತುಂಬು, ಧಾರಾಳ, ಸ್ವಲ್ಪ ಅವಸರ. ರೆಕ್ಕೆಗೆ ಬಂದಾಗ ಅವಳ ಬೆರಳು ನಿಂತಿತು. ಗರಿಯ ಒಂದೊಂದು ಎಳೆಯೂ ಬೇರೆ ಉದ್ದ. ನೆರಳಿಗೆ ಕಪ್ಪು ದಾರ ಹಾಕದೆ ಹೊಲಿಗೆಯನ್ನೇ ವಿರಳ ಮಾಡಿ ನೆರಳು ಬರಿಸಿದ್ದರು. ಇಷ್ಟು ತಾಳ್ಮೆ, ಇಷ್ಟು ಕಣ್ಣು!

ಫ್ಲಾರೆನ್ಸಿನಲ್ಲಿ ಒಂದು ಚಿತ್ರವಿದೆ. ವೆರೋಕ್ಯೊ ಎಂಬ ಗುರುವಿನದು, ಕ್ರಿಸ್ತನ ದೀಕ್ಷಾಸ್ನಾನ. ಮೂಲೆಯಲ್ಲಿ ಮೊಣಕಾಲೂರಿದ ಒಬ್ಬ ದೇವದೂತನನ್ನು ಬರೆದದ್ದು ಮಾತ್ರ ಆ ಕಾರ್ಯಶಾಲೆಯ ಶಿಷ್ಯ, ಇನ್ನೂ ಹೆಸರಾಗದಿದ್ದ ಲಿಯನಾರ್ಡೊ. ನೋಡಿದವರಿಗೆ ಹೇಳಬೇಕಾಗಿಲ್ಲ, ಇನ್ನೊಂದು ಕೈ ಎಂದು ಬಣ್ಣವೇ ಹೇಳುತ್ತದೆ.

“ಜ್ಯೋತ್ಸ್ನಾ, ಮುಖ ನಿನ್ನದು. ಈ ರೆಕ್ಕೆ ಯಾರದು?”

“ಕಂಡುಹಿಡಿದೇಬಿಟ್ರಲ್ಲ!” ಜ್ಯೋತ್ಸ್ನಾ ಖುಷಿಯಿಂದ ಪಕ್ಕಕ್ಕೆ ಬಂದು ಕೂತಳು. “ಸೂಪರ್ ಅಲ್ವಾ? ಶನಿವಾರದ ಕ್ಲಾಸಿಗೆ ಬರ್ತಾಳಲ್ಲ, ನಿಮ್ಮ ಶೋಭಾ. ಅವಳದು. ಕಲಿಯೋಕೆ ಅಂತ ಬಂದೋಳು ನಮಗೇ ಕಲಿಸ್ತಾಳೆ. ಹೋದ ಶನಿವಾರ ಎಲ್ಲರೂ ಹೋದ್ಮೇಲೂ ಆ ಬೀರು ಹತ್ರ ಕೂತು ಇದೇ ಮುಗಿಸ್ತಿದ್ಳು. ಹೇಳಿಲ್ವಾ ನಿಮಗೆ?”

ಕಾಫಿಯ ಲೋಟವನ್ನು ಪದ್ಮಜಾ ಮೆಲ್ಲಗೆ ಕೆಳಗಿಟ್ಟಳು. ಎದ್ದು ಅಡುಗೆಮನೆಯ ಕಡೆಗೆ ಸರಿದು ಫೋನ್ ಮಾಡಿದಳು.

“ಮೇಡಂ!” ಶೋಭಾಳ ದನಿಯ ಹಿಂದೆ ಗುಂಡಪ್ಪನ ಗುನುಗು, ಒಗ್ಗರಣೆಯ ಚಟಪಟ. “ಗ್ಯಾಲರಿಯಿಂದ ಮೆಸೇಜ್ ಬಂತು. ಕಂಪ್ಲೇಂಟ್ ಇಲ್ಲವಂತೆ! ಅಂಕಲ್ ಪಾಯಸ ಮಾಡ್ತಿದ್ದಾರೆ. ಹೇಗೆ ಮೇಡಂ, ಏನು ಸಿಕ್ತು?”

“ಒಂದು ರೆಕ್ಕೆ ಸಿಕ್ತು,” ಎಂದಳು ಪದ್ಮಜಾ. “ತುಂಬ ಚೆನ್ನಾಗಿದೆ. ನಿನ್ನ ಬೆರಳನ್ನೇ ಹೊಲಿದುಕೊಂಡ ಹಾಗೆ ಕಾಣಲಿಲ್ಲ.”

ಒಗ್ಗರಣೆಯ ಸದ್ದು ದೂರವಾಯಿತು. ಬಾಗಿಲೊಂದು ಮುಚ್ಚಿಕೊಂಡಿತು. ಶೋಭಾಳ ಉಸಿರು ಈಗ ಕಿವಿಯ ಹತ್ತಿರವೇ ಇತ್ತು.

“ವಿಶ್ವಜಿತ್ ಪಕ್ಕದಲ್ಲಿದ್ದಾರಾ ಮೇಡಂ?”

“ಸ್ವಲ್ಪ ದೂರ.”

“ಹಾಗಾದ್ರೆ ಮುಖ ಬದಲಾಯಿಸ್ಬೇಡಿ. ಅವರು ಅದನ್ನ ಸೋಮವಾರ ಈ ಊರಿಂದಲೇ ಸಾಗಿಸೋರಿದ್ರು. ನನ್ನ ಕಿವಿಯಾರೆ ಕೇಳಿದೆ. ಬೇರೆ ದಾರಿ ಇರಲಿಲ್ಲ. ಅಸಲಿ ಹಾಳೆ ನಿಮ್ಮನೇಲೇ ಇದೆ. ನಿಮ್ಮ ಮಂಚದ ಹಾಸಿಗೆ ಕೆಳಗೆ.”

ಬಾಲ್ಕನಿಯ ಬಾಗಿಲು ಸರಿಯಿತು. ವಿಶ್ವಜಿತ್ ಫೋನನ್ನು ಜೇಬಿಗಿಳಿಸುತ್ತ ಒಳಗೆ ಬಂದ.

“ನೀವು ಹೊಣೆ ಅಂದಿರಲ್ಲ ಆಂಟಿ, ಅದನ್ನೂ ವಿಮೆಯವರಿಗೆ ಹೇಳಿದ್ದೀನಿ. ನಾಳೆ ನಿಮ್ಮನೆಗೇ ಬಂದು ಸ್ಟೇಟ್‌ಮೆಂಟ್ ತಗೊಳ್ತಾರಂತೆ,” ಎಂದ. ಆಮೇಲೆ ಅವಳ ಕೈಯಲ್ಲಿದ್ದ ಫೋನಿನತ್ತ ನೋಡಿದ. “ಶೋಭಾನಾ? ಏನಂತೆ?”